ಬೇವಿನ ಮರದ ಸೀತಾಳೆ

ಅರವತ್ತರ ದಶಕದಲ್ಲಿ ಇಂಡಿ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕೌದಿ ಹೊಲಿಯುವಾಕೆ ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ದಾಂಡೇಲಿಯಿಂದ ಅಣ್ಣನ ಮನೆಗೆ ಬರುವಾಗ ಒಂದು ಸೀತಾಳೆ ತಂದಿದ್ದಳು. ಈಗಿನವರು ಆರ್ಕಿಡ್ ಅನ್ನುತ್ತಾರಲ್ಲ, ಅದೇ. ತೊಗಟೆಗೆ ಬೇರು ಹಿಡಿಯಲೆಂದು ಅಂಗಳದ ಬೇವಿನ ಮರಕ್ಕೆ ಅದನ್ನು ಕೌದಿಯ ಚಿಂದಿಯಿಂದ ಕಟ್ಟಿದ್ದಳು. ಹೂ ಉದುರಿದ ಮೇಲೆ ಕತ್ತರಿಯನ್ನು ಚಿಮಣಿ ದೀಪದ ಉರಿಯಲ್ಲಿ ಕಾಯಿಸಿ, ಆರಿಸಿ, ಒಣಗಿದ ಕಡ್ಡಿಯನ್ನಷ್ಟೇ ಕತ್ತರಿಸುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಸಿಡುಕುವಳು: "ಹಸರ ಇದ್ದದ್ದನ್ನ ಮುಟ್ಟಬ್ಯಾಡ್ರಿ."

ಒಂದು ಬೇಸಿಗೆಯಲ್ಲಿ ಬೇವಿನ ಟೊಂಗೆಯೊಂದು ಒಣಗಿತು. ಅಣ್ಣ ಕೊಡಲಿ ಹಿಡಿದು ಬಂದ.

"ಇದು ಬಂದಳಕಿ. ಗಿಡದ ರಸಾ ಹೀರಾಕತ್ತೈತಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಓಣಿಗೆಲ್ಲ ಕೇಳುವಂತೆ ಹೇಳಿದಳು: "ಈ ಮನ್ಯಾಗ ಬಂದಳಕಿ ಒಂದ ಅಲ್ಲ ಬಿಡ್ರಿ."

ಕೌದಿ ಹೊಲಿದದ್ದಕ್ಕೆ ಜನ ಕೊಡುತ್ತಿದ್ದ ಜೋಳದಿಂದಲೇ ಆ ಮನೆಯ ರೊಟ್ಟಿ ಬೇಯುತ್ತಿತ್ತು. ಆಕೆಯ ಕೌದಿ ಹೊದ್ದು ಮಲಗುವ ಹಿರಿಯರು ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಕೆ ಹೊಲಿಗೆ ಬಿಟ್ಟು ಎದ್ದು, ಮರಕ್ಕೆ ಬೆನ್ನು ಕೊಟ್ಟು ಅತ್ತಿಗೆಗೆ ಎದುರಾಗಿ ನಿಂತಳು.

"ಇದು ಗಿಡದ ಮ್ಯಾಲೆ ಕುಂತೈತ್ರಿ ವೈನಿ, ಗಿಡದ ರಸಾ ಕುಡಿಯಂಗಿಲ್ಲ. ಗಾಳಿ, ನೀರು, ತನ್ನದ ತಾ ಉಣತೈತಿ."

ಅಣ್ಣ ಕೊಡಲಿಯನ್ನು ಕೆಳಗಿಟ್ಟ. ಆಕೆ ತಿರುಗಿ, ಸೊಂಟದ ಕತ್ತರಿ ತೆಗೆದು, ತಾನೇ ಕಟ್ಟಿದ್ದ ಚಿಂದಿಯನ್ನು ಎಲ್ಲರ ಕಣ್ಣೆದುರೇ ಕತ್ತರಿಸಿ ಎಸೆದಳು.

ಸೀತಾಳೆ ಬೀಳಲಿಲ್ಲ.