ಅಂಕಪಟ್ಟಿಯ ಬೆನ್ನು ಓದುವ ಈರವ್ವ

ಬೆಳಗಿನ ಆರು ಗಂಟೆ ಐವತ್ತು ನಿಮಿಷ. ಯಲಹಂಕದಾಚೆಯ ಸರ್ಕಾರಿ ವಿಶ್ವವಿದ್ಯಾಲಯವೊಂದರ ಆಡಳಿತ ಕಟ್ಟಡದಲ್ಲಿ ಒಂದು ಕೊಠಡಿಗೆ ಮಾತ್ರ ದೀಪ ಹತ್ತಿದೆ. ಬಾಗಿಲ ಮೇಲೆ ‘ವಿದ್ಯಾರ್ಥಿವೇತನ ವಿಭಾಗ’ ಎಂಬ ಫಲಕ. ಒಳಗೆ ಸ್ವೆಟರಿನ ಮೇಲೆ ಸೆರಗು ಹೊದ್ದ ಐವತ್ತೆರಡು ವರ್ಷದ ಹೆಂಗಸೊಬ್ಬರು ಒಂದು ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ಮುಂಬದಿಯನ್ನು ನೋಡುವುದಿಲ್ಲ. ತಿರುವಿ, ಹಿಂಬದಿಯ ಇರುವೆಗಾತ್ರದ ಅಕ್ಷರಗಳನ್ನು ಬೆರಳಿಟ್ಟು ಓದುತ್ತಾರೆ. ಆಮೇಲೆ ಮುಂಬದಿ.

ಬೀಗ ತೆಗೆದುಕೊಟ್ಟ ಜವಾನ ಬ್ಯಾಟರಾಯಪ್ಪ ರಾಜಾನುಕುಂಟೆಯವರು. ಬಾಗಿಲಲ್ಲೇ ನಿಂತು ಆಕಳಿಸುತ್ತಾರೆ. “ಅಕ್ಕಾ, ಬಿಸ್ಲೇ ಇನ್ನೂ ಬಿದ್ದಿಲ್ಲ, ನೀವ್ ಆಗ್ಲೇ ಬಂದ್ಬುಟ್ರಿ. ಇಂಗೆ ಮಾಡಿದ್ರೆ ನಾಳೆ ನಾನ್ ಇಲ್ಲೇ ಆಸ್ಗೆ ಆಕ್ಬೇಕಾಯ್ತದೆ.”

“ಹಾಸ್ರಿ. ನನಗೂ ಬೀಗಕ್ಕ ಕಾಯೋದು ತಪ್ಪತೈತಿ,” ಎನ್ನುತ್ತಾರೆ ಆಕೆ, ಕಣ್ಣೆತ್ತದೆ.

ಇವರು ಈರವ್ವ. ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯವರು. ಪಿಯುಸಿ ಮುಗಿಸಿ, ಬೀಳಗಿಯಲ್ಲೇ ಬೆರಳಚ್ಚು ಕಲಿತವರು. ಪತಿ ಮಹಾಲಿಂಗಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮನೆ ಸೋಲದೇವನಹಳ್ಳಿಯಲ್ಲಿ. ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಆಕೆ ‘ಡೇಟಾ ಎಂಟ್ರಿ ಆಪರೇಟರ್, ಹೊರಗುತ್ತಿಗೆ’. ಒಪ್ಪಂದ ಹನ್ನೊಂದು ತಿಂಗಳಿಗೊಮ್ಮೆ ಮುಗಿಯುತ್ತದೆ, ಒಂದು ದಿನದ ಬಿಡುವಿನ ನಂತರ ಮತ್ತೆ ಆರಂಭವಾಗುತ್ತದೆ. ಹನ್ನೊಂದು ಒಪ್ಪಂದಗಳು ಮುಗಿದಿವೆ. ಹನ್ನೊಂದು ಹನ್ನೊಂದಲಿ ನೂರ ಇಪ್ಪತ್ತೊಂದು ತಿಂಗಳು. ಇದು ಹನ್ನೆರಡನೆಯದು.

ಹೊರರಾಜ್ಯಗಳಿಂದ ಬರುವ ವಿದ್ಯಾರ್ಥಿಗಳಿಗೆ ಇಲ್ಲಿ ಶುಲ್ಕ ನಮ್ಮ ಮಕ್ಕಳಿಗಿಂತ ಮೂರು ಪಟ್ಟು. ಪ್ರತಿಭಾ ವಿದ್ಯಾರ್ಥಿವೇತನ ದೊರೆತರೆ ಹೆಚ್ಚಿನ ಎರಡು ಪಟ್ಟು ಮನ್ನಾ ಆಗುತ್ತದೆ. ಈ ವರ್ಷ ಲಭ್ಯವಿದ್ದದ್ದು ನಲವತ್ತೆಂಟು, ಬಂದ ಅರ್ಜಿ ಒಂಬೈನೂರ ಮೂವತ್ತಾರು. ಅರ್ಜಿ ಸಲ್ಲಿಸಲು ಶೇಕಡ ಎಂಬತ್ತೈದು ಅಂಕ ಬೇಕು. ಆಮೇಲೆ ಅಂಕದ ಜೊತೆ ಕುಟುಂಬದ ಆದಾಯವನ್ನೂ ನೋಡಿ ಸಮಿತಿ ಆಯ್ಕೆ ಮಾಡುತ್ತದೆ. ಅಂಕಗಳನ್ನು ವಿದ್ಯಾರ್ಥಿಯೇ ಕಂಪ್ಯೂಟರಿನ ನಮೂನೆಯಲ್ಲಿ ತುಂಬುತ್ತಾನೆ, ಯಂತ್ರ ಕೂಡಿ ಭಾಗಿಸುತ್ತದೆ, ಆಪರೇಟರ್ ಮೂಲ ಅಂಕಪಟ್ಟಿಯೊಂದಿಗೆ ಹೋಲಿಸಿ ‘ಸರಿಯಿದೆ’ ಎಂದು ಒತ್ತಬೇಕು. ಅಷ್ಟೇ ಕೆಲಸ.

ಆದರೆ ಲೆಕ್ಕ ಅಷ್ಟು ಸರಳವಲ್ಲ. ಒಂದು ಪರೀಕ್ಷಾ ಮಂಡಳಿ ಪ್ರಾಯೋಗಿಕ ಅಂಕವನ್ನು ಮೊತ್ತಕ್ಕೆ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಒಂದರಲ್ಲಿ ಗರಿಷ್ಠ ಅಂಕ ನೂರು, ಮತ್ತೊಂದರಲ್ಲಿ ಎಪ್ಪತ್ತು. ಕೆಲವು ಕಡೆ ಆರನೆಯ ವಿಷಯ ಕೇವಲ ಹೆಚ್ಚುವರಿ. ಅದರ ಅಂಕ ಅಚ್ಚಾಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮಗಳೆಲ್ಲ ಅಂಕಪಟ್ಟಿಯ ಹಿಂಬದಿಯಲ್ಲಿರುತ್ತವೆ. ನಮೂನೆ ಕೇಳುವುದು ಮುಂಬದಿಯ ಪ್ರತಿಯನ್ನು ಮಾತ್ರ.

“ಮಾರಿ ಎಲ್ಲಾರೂ ನೋಡ್ತಾರ್ರಿ. ನಿಯಮ ಇರೋದು ಬೆನ್ನ ಮ್ಯಾಲೆ,” ಎನ್ನುತ್ತಾರೆ ಈರವ್ವ.

ಮೂವರು ಆಪರೇಟರ್‌ಗಳು, ಹದಿಮೂರು ಕೆಲಸದ ದಿನ. ಭಾಗಿಸಿದರೆ ತಲೆಗೆ ದಿನಕ್ಕೆ ಇಪ್ಪತ್ತನಾಲ್ಕು ಅರ್ಜಿ. ಹಿಂಬದಿ ಓದಲು ಒಂದೊಂದಕ್ಕೆ ಎರಡು ನಿಮಿಷವೆಂದರೂ ನಲವತ್ತೆಂಟು ನಿಮಿಷ. ಆ ನಲವತ್ತೆಂಟು ನಿಮಿಷವನ್ನು ಕಚೇರಿ ಕೊಡುವುದಿಲ್ಲ. ಈರವ್ವ ಅದನ್ನು ಮನೆಯಿಂದ ತರುತ್ತಾರೆ. ಜೊತೆಗೆ ಬೆಳಗಿನ ಏಳಕ್ಕೆ ಅರ್ಜಿಯ ಪುಟ ಆರು ಸೆಕೆಂಡಿಗೆ ತೆರೆಯುತ್ತದೆ. ಹನ್ನೊಂದರ ಹೊತ್ತಿಗೆ ಒಂದೂಕಾಲು ನಿಮಿಷ ಬೇಕು.

ಅವರ ಮೇಜಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇದೆ. ಮೂವತ್ತೊಂದು ಮಂಡಳಿಗಳ ನಿಯಮಗಳನ್ನು ಅದರಲ್ಲಿ ದುಂಡಗಿನ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಪ್ರತಿ ನಿಯಮದ ಕೆಳಗೆ, ಅದು ದೊರೆತ ಕಡತದ ಸಂಖ್ಯೆ. ಆಧಾರವಿಲ್ಲದ ನಿಯಮ ಆ ಪುಸ್ತಕದಲ್ಲಿ ಒಂದೂ ಇಲ್ಲ.

ಈ ಅಭ್ಯಾಸ ಒಂದು ತಪ್ಪಿನಿಂದ ಹುಟ್ಟಿತು. ತಪ್ಪು ಅವರದೇ. ಆರು ವರ್ಷದ ಹಿಂದೆ, ಅರ್ಜಿಗಳು ಕಾಗದದಲ್ಲಿ ಬರುತ್ತಿದ್ದಾಗ, ಹೊರರಾಜ್ಯದ ಹುಡುಗಿಯೊಬ್ಬಳ ಆರೂ ವಿಷಯಗಳನ್ನು ಈರವ್ವ ಕೂಡಿ ಆರುನೂರರಿಂದ ಭಾಗಿಸಿದರು. ಐದನ್ನು ಕೂಡಿ ಐನೂರರಿಂದ ಭಾಗಿಸಬೇಕಿತ್ತು. ತಪ್ಪು ತಿಳಿದಾಗ ಪಟ್ಟಿ ಪ್ರಕಟವಾಗಿ ಹನ್ನೆರಡು ದಿನ ಕಳೆದಿತ್ತು. ಅಂಕಪಟ್ಟಿಯ ಹಿಂಬದಿಯ ನಕಲು ತೆಗೆದು, ಅಧಿಕಾರಿಯ ದೃಢೀಕರಣದ ಸಹಿ ಹಾಕಿಸಿ, ಕಡತಕ್ಕೆ ಸೇರಿಸಿದರು. ಹುಡುಗಿಗೆ ಅದರಿಂದ ಉಪಯೋಗವಾಗಲಿಲ್ಲ.

“ಒಂದ್ ಸೆಮಿಸ್ಟರ್ ಓದಿದ್ಲು. ಆಮ್ಯಾಲೆ ಹೊಂಟ್ ನಿಂತ್ಲು. ಆಕಿ ಟಿಸಿ ಟೈಪ್ ಮಾಡಿದಾಕಿ ನಾನ ರೀ. ‘ಥ್ಯಾಂಕ್ಯೂ ಆಂಟಿ’ ಅಂತ ಕೈಮುಗದು ತಗೊಂಡ್ ಹ್ವಾದ್ಲು. ತಪ್ಪು ನನ್ನದು ಅಂತ ಆಕಿಗೆ ಗೊತ್ತಿರಲಿಲ್ಲ.” ಆಮೇಲೆ ಹೇಳುತ್ತಾರೆ, “ಆಕಿ ಹೆಸರ ಬರೀಬ್ಯಾಡ್ರಿ.” ಹೆಸರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಆ ಮಂಡಳಿಯ ನಿಯಮದ ಪಕ್ಕದಲ್ಲಿದೆ. ಅದರ ಕೆಳಗೆ ಕಡತದ ಸಂಖ್ಯೆ: 214.

ಈ ಬಾರಿ ಅದೇ ಮಂಡಳಿಯ ಅದೇ ಲೆಕ್ಕ ಮತ್ತೆ ಎದುರು ನಿಂತಿದೆ. ಬಿಹಾರದ ಕಿಶನ್‌ಗಂಜಿನಿಂದ ಬಂದ ಮುಸರ್ರತ್ ಆರು ವಿಷಯಗಳನ್ನೂ ಪ್ರಾಮಾಣಿಕವಾಗಿ ತುಂಬಿದ್ದಾಳೆ. ಮೊತ್ತ ನಾನೂರ ಎಪ್ಪತ್ತೈದು. ಆರುನೂರಕ್ಕೆ ಶೇಕಡ 79.17. ಯಂತ್ರ ಅರ್ಜಿಯನ್ನು ತಿರಸ್ಕರಿಸಿದೆ. ಹೆಚ್ಚುವರಿ ವಿಷಯದ ಮೂವತ್ತೆಂಟು ಅಂಕ ಕಳೆದರೆ ಐನೂರಕ್ಕೆ ನಾನೂರ ಮೂವತ್ತೇಳು, ಶೇಕಡ 87.4. ಆದರೆ ಅಂಕಪಟ್ಟಿಯ ಮುಂಬದಿಯಲ್ಲಿ ಒಟ್ಟು ಮೊತ್ತವೇ ಅಚ್ಚಾಗಿಲ್ಲ. ಹಿಂಬದಿಯನ್ನು ಓದಲು ಬರುವುದಿಲ್ಲ.

ಕಾರಣ ಅವಳ ತಂದೆಯ ಪ್ರೀತಿ. ಆತ ದರ್ಜಿ. ಮಗಳ ಅಂಕಪಟ್ಟಿ ಮಡಚಿಹೋಗಬಾರದೆಂದು ಹೊಸ ಅಂಗಿಯ ಪೆಟ್ಟಿಗೆಯ ರಟ್ಟನ್ನು ಹಿಂದೆ ಅಂಟಿಸಿ ಲ್ಯಾಮಿನೇಷನ್ ಮಾಡಿಸಿದ್ದಾನೆ. ಬಿಡಿಸಲು ಹೋದರೆ ಅಂಕಪಟ್ಟಿಯೇ ಹರಿಯುತ್ತದೆ. ಮಂಡಳಿಗೆ ಬರೆದ ಇ–ಮೇಲ್‌ಗೆ ಒಂಬತ್ತು ದಿನವಾದರೂ ಉತ್ತರವಿಲ್ಲ. ಆಕ್ಷೇಪಣೆ ಸಲ್ಲಿಸಲು ಇಂದು ಬುಧವಾರ ಸಂಜೆ ಐದರವರೆಗೆ ಅವಕಾಶ. ಶನಿವಾರಕ್ಕೆ ಯಶವಂತಪುರದಿಂದ ಊರಿಗೆ ಮರಳುವ ಟಿಕೆಟನ್ನು ಮುಸರ್ರತ್ ಆಗಲೇ ಕಾದಿರಿಸಿದ್ದಾಳೆ.

ಹತ್ತು ಗಂಟೆಗೆ ವಿಭಾಗದ ಅಧೀಕ್ಷಕ ಯೋಗಾನಂದ ಬರುತ್ತಾರೆ. ಈರವ್ವ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಅವರ ಮುಂದಿಡುತ್ತಾರೆ.

“ನೀವ್ ಹೇಳೋದು ಸರಿ ಇದೆ ಈರವ್ವ. ಆದ್ರೆ ಈ ನೋಟ್‌ಬುಕ್ ಹಿಡ್ಕೊಂಡ್ ಕಮಿಟಿ ಮುಂದೆ ಹೋದ್ರೆ, ಅಂಗಡಿ ಸಾಮಾನಿನ ಪಟ್ಟಿನಾ ಅಂತ ಕೇಳ್ತಾರೆ ಕಣ್ರೀ. ಸೀಲು, ಸೈನು ಇರೋ ಕಾಗದ ತನ್ನಿ. ಈಗಲೇ ಫಾರ್ವರ್ಡ್ ಮಾಡ್ತೀನಿ.”

“ತರ್ತೀನ್ರಿ ಸರ್. ನೀವು ಊಟಕ್ಕ ಹೋಗಬ್ಯಾಡ್ರಿ.”

“ಊಟಕ್ಕೂ ಹೋಗ್ಬಾರ್ದಾ! ಆಯ್ತು, ಕಾಯ್ತೀನಿ.”

ಹಳೆಯ ಕಡತಗಳು ನೆಲಮಾಳಿಗೆಯಲ್ಲಿವೆ. ಹೊಸ ಕಟ್ಟಡಕ್ಕೆ ಸಾಗಿಸುವಾಗ ವರ್ಷಗಳು ಕಲಸಿಹೋಗಿವೆ. ಬ್ಯಾಟರಾಯಪ್ಪ ಏಣಿ ಹಿಡಿಯುತ್ತಾರೆ, ಈರವ್ವ ಹತ್ತುತ್ತಾರೆ. ನಾಲ್ಕು ಕಪಾಟು, ಒಂದೊಂದರಲ್ಲಿ ಆರು ಅಡ್ಡಹಲಗೆ. ಮುಸರ್ರತ್ ಕೆಳಗೆ ನಿಂತು, ಇಳಿಸಿಕೊಟ್ಟ ಕಟ್ಟುಗಳ ದಾರ ಬಿಚ್ಚಿ ಸಂಖ್ಯೆ ಓದುತ್ತಾಳೆ. ಪ್ರವೇಶ ಪಡೆದಂದಿನಿಂದ ಈ ಕಚೇರಿಗೆ ಅಲೆದ ಅವಳಿಗೆ ಕನ್ನಡ ಬಂದದ್ದು ಆರು ವಾರದಲ್ಲಿ, ಈರವ್ವನ ಬಾಯಿಂದ. “ಇದು ಅಲ್ರಿ ಅವ್ವಾ,” “ಇದೂ ಅಲ್ರಿ,” ಎನ್ನುತ್ತಾಳೆ. ಬ್ಯಾಟರಾಯಪ್ಪ ನಗು ತಡೆಯಲಾರರು. “ನೋಡಕ್ಕಾ, ಬಿಆರದ್ ಎಣ್ಮಗೀಗೆ ನಿಮ್ಮೂರ್ ಬಾಸೆ ಕಲ್ಸ್‌ಬುಟ್ಟಿದ್ದೀರಿ. ಬೆಂಗ್ಳೂರಲ್ಲಿ ಯಾರಿಗ್ ಅರ್ತ ಆಯ್ತದೆ?”

“ನಿಮಗ ಆಗೇತಲ್ಲ, ಸಾಕು. ಏಣಿ ಗಟ್ಟಿ ಹಿಡೀರಿ.”

ಹದಿನೇಳನೆಯ ಹಲಗೆಯಲ್ಲಿ, ಎರಡು ಗಂಟೆ ಹತ್ತು ನಿಮಿಷಕ್ಕೆ, 214 ಸಿಗುತ್ತದೆ. ಮುಸರ್ರತ್ ಅದನ್ನೂ ತನ್ನ ಅಂಕಪಟ್ಟಿಯನ್ನೂ ಏಣಿಯ ಮೇಲಕ್ಕೆ ಚಾಚುತ್ತಾಳೆ. ಒಳಗೆ ಮುಂಬದಿಯ ಪ್ರತಿ, ಹಿಂಬದಿಯ ನಕಲು, ಅದರ ಮೇಲೆ ಆರು ವರ್ಷದ ಹಿಂದಿನ ಸೀಲು ಮತ್ತು ಸಹಿ. ಮೂರನೆಯ ಸಾಲು: ಹೆಚ್ಚುವರಿ ವಿಷಯವನ್ನು ಮೊತ್ತಕ್ಕೆ ಪರಿಗಣಿಸತಕ್ಕದ್ದಲ್ಲ. ಮುಂಬದಿಯ ಅಂಚಿನಲ್ಲಿರುವ, ಮಂಡಳಿಯ ಅಚ್ಚಿನ ಮಾದರಿಯ ಸಂಖ್ಯೆಯನ್ನು ಈರವ್ವ ಮುಸರ್ರತ್‌ಳ ಅಂಕಪಟ್ಟಿಯೊಂದಿಗೆ ಹೋಲಿಸುತ್ತಾರೆ. ಎರಡೂ ಒಂದೇ. ಏಣಿಯ ಮೇಲೆಯೇ ಕೆಲವು ಕ್ಷಣ ಕೂರುತ್ತಾರೆ. ಏನಾಯಿತೆಂದು ಮುಸರ್ರತ್ ಕೇಳಿದರೆ, “ಧೂಳ ಭಾಳ ಐತಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಯೋಗಾನಂದ ಊಟಕ್ಕೆ ಹೋಗಿಲ್ಲ. ಕಾಗದವನ್ನು ಎರಡು ಬಾರಿ ಓದಿ, ಸಹಿ ಮಾಡಿ, ಎರಡೂ ಮುಕ್ಕಾಲಿಗೆ ಸಮಿತಿಗೆ ಕಳಿಸುತ್ತಾರೆ. ಶುಕ್ರವಾರ ಪಟ್ಟಿ ಪ್ರಕಟವಾಗುತ್ತದೆ. ನಲವತ್ತೆಂಟು ಹೆಸರುಗಳಲ್ಲಿ ಮೂವತ್ತೊಂದನೆಯದು ಮುಸರ್ರತ್‌ಳದು. ಶನಿವಾರದ ಟಿಕೆಟ್ ರದ್ದಾಗುತ್ತದೆ.

ಸೋಮವಾರ ಬೆಳಗಿನ ಆರು ಐವತ್ತಕ್ಕೆ ಈರವ್ವ ಮತ್ತೆ ಅದೇ ಕುರ್ಚಿಯಲ್ಲಿದ್ದಾರೆ. ಮೊದಲ ಪುಟದಲ್ಲಿ 214ರ ಪಕ್ಕಕ್ಕೆ ಮುಸರ್ರತ್‌ಳ ಕಡತದ ಸಂಖ್ಯೆ ಬರೆದಿದ್ದಾರೆ. ಹಳೆಯದನ್ನು ಹೊಡೆದುಹಾಕಿಲ್ಲ. ಮನಸ್ಸಿಗೆ ಈಗ ಹಗುರವಾಯಿತೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಅದು ಅದ, ಇದು ಇದ. ಕೂಡಿ ಕಳಿಯಾಕ ಬರೂದಿಲ್ರಿ.”

ಏನು ಬೇಕು ಎಂದು ಕೇಳಿದೆ. ಕಾಯಂ ನೌಕರಿ ಎನ್ನುವರೆಂದು ನಿರೀಕ್ಷಿಸಿದ್ದೆ. ಅವರು ಮೊದಲು ಕೇಳಿದ್ದು ನಮೂನೆಯಲ್ಲಿ ಹಿಂಬದಿಗೊಂದು ಖಾನೆ. ಆಮೇಲೆ ಗೋಡೆಯ ಕ್ಯಾಲೆಂಡರಿನತ್ತ ನೋಡಿದರು. ಮುಸರ್ರತ್‌ಳ ಪದವಿಗೆ ಮೂವತ್ತಾರು ತಿಂಗಳು. ಹನ್ನೊಂದರಿಂದ ಭಾಗಿಸಿದರೆ ಮೂರು ಒಪ್ಪಂದ, ಶೇಷ ಮೂರು ತಿಂಗಳು. ಈ ಭಾಗಾಕಾರವನ್ನು ಅವರು ಆಗಲೇ ಮಾಡಿ ಮುಗಿಸಿದ್ದರು.

“ಆಕಿ ಟಿಸಿ ನಾನ ಟೈಪ್ ಮಾಡಿದ್ದೆ. ಈಕಿ ಹೆಸರು ಘಟಿಕೋತ್ಸವದ ಪಟ್ಟ್ಯಾಗ ನಾನ ಟೈಪ್ ಮಾಡಬೇಕ್ರಿ. ಅಲ್ಲೀತನಕ ನನ್ನ ಇಟಗೊಂಡ್ರ ಸಾಕು. ಆ ಮೂರು ತಿಂಗಳದ್ದೂ ಸೇರಿಸಿ.”