ಹೆಡ್ ಟೀಚರ್ ಸ್ವರದಲ್ಲಿ ಬಾವಿಯ ಪಾಠ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಮೂರನೇ ತರಗತಿಯ ಒಬ್ಬ ಹುಡುಗಿ ನಮ್ಮ ಶಾಲೆ ಬಿಟ್ಟು ಹೋದದ್ದಕ್ಕೆ ಊರಿನವರು ಸರಕಾರ, ಇಂಗ್ಲಿಷ್, ಕಾಲಸ್ಥಿತಿ ಎಂದು ಏನೇನೋ ಕಾರಣ ಕೊಡುತ್ತಾರೆ. ಕಾರಣ ನನ್ನ ನಾಲಗೆ. ಎದುರಿಗೆ ಯಾರು ಬಂದರೂ ಐದು ನಿಮಿಷದೊಳಗೆ ಅವರ ಹಾಗೆಯೇ ಮಾತಾಡಲು ಶುರುಮಾಡುವ ಚಾಳಿ ಅದಕ್ಕೆ. ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ಸೋದರಮಾವನಿಗೆ ಅವರದೇ ಮೂಗಿನ ಸ್ವರದಲ್ಲಿ ಉತ್ತರ ಕೊಟ್ಟು, ಚಹಾ ಕೂಡ ಕುಡಿಯದೆ ಮರಳಿದವ ನಾನು.

ಇಂಥವನು ಸಿದ್ಧಕಟ್ಟೆಯ ಆಚೆಯ ಒಂದು ಪ್ರಾಥಮಿಕ ಶಾಲೆಗೆ ಒಂದು ವರ್ಷದ ಅತಿಥಿ ಶಿಕ್ಷಕನಾಗಿ ಸೇರಿದೆ. ಒಂದರಿಂದ ಮೂರನೆಯವರಿಗೆ ಒಂದೇ ಕೋಣೆ. ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಎಲ್ಲಕ್ಕೂ ನಾನೊಬ್ಬನೇ. ಪಕ್ಕದ ಕೋಣೆಯಲ್ಲಿ ನಾಲ್ಕು, ಐದಕ್ಕೆ ಹೆಡ್ ಟೀಚರ್. ಮೊದಲ ದಿನವೇ ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ನಿಮಗೆ ಬಾಯಿ ಉಂಟು ಅಂತ ಗೊತ್ತಾಯ್ತು. ಉಳಿದದ್ದು ಏನೇನು ಉಂಟು ಅಂತ ನಿಧಾನಕ್ಕೆ ನೋಡುವ” ಎಂದಿದ್ದರು.

ನಿಧಾನಕ್ಕೆ ನೋಡಬೇಕಾಗಿಯೇ ಬರಲಿಲ್ಲ. ‘ಮೀನಿಗೆ ಕಾಲು ಇಲ್ಲ’ ಎಂದು ಬೋರ್ಡಿನಲ್ಲಿ ಬರೆದು ಚಿತ್ರ ಬಿಡಿಸಲು ಹೇಳಿದರೆ, ಒಂದನೆಯ ಒಬ್ಬ ಮೀನಿನ ಪಕ್ಕದಲ್ಲಿ ಹೆಂಚಿನ ಮನೆ ಕಟ್ಟಿ ಕುಳಿತ. “ಇದೆಂತದು ಮಾರಾಯ?” ಎಂದೆ. “ಇಲ್ಲ್ ಸರ್” ಎಂದ. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಅವನ ಲೆಕ್ಕದಲ್ಲಿ ಮೀನಿಗೆ ಕಾಲೂ ಇತ್ತು, ಮನೆಯೂ ಇತ್ತು. ನಾನು ವಿವರಿಸಿದಷ್ಟೂ ಆ ಮನೆಗೆ ಕಿಟಕಿ, ಬಾಗಿಲು, ದನದ ಕೊಟ್ಟಿಗೆ ಬಂದವು.

ಆ ಕೋಣೆಯಲ್ಲೇ, ಕಿಟಕಿಯ ಪಕ್ಕ, ಈ ಹುಡುಗಿ. ಮನೆಯಲ್ಲಿ ಬ್ಯಾರಿ ಭಾಷೆ, ಆಟದಲ್ಲಿ ತುಳು. ಗೆಳತಿಯ ಕಿವಿಯಲ್ಲಿ ಪಿಸಪಿಸ ನಡೆಯುತ್ತಿತ್ತು. ನನ್ನ ಮುಂದೆ ಬರೇ ತಲೆ ಆಡಿಸುವುದು. ಕನ್ನಡ ಪುಸ್ತಕ ತೆರೆದರಂತೂ ಬಾಯಿಗೆ ಬೀಗ. ಜುಲೈಯಲ್ಲಿ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತರು.

“ಇವಳ ಅಪ್ಪ ದುಬೈಯಲ್ಲಿ ಇರುವುದು, ಸರ್. ಅವರು ಕಲಿತದ್ದೂ ಇಲ್ಲೇ. ಮಾರ್ಚ್ ಒಳಗೆ ಮಗಳು ಓದುವುದನ್ನು ಕೇಳಿಸ್ಬೇಕಂತೆ. ಇಲ್ಲದಿದ್ರೆ ಮೂಡುಬಿದಿರೆಯ ಇಂಗ್ಲಿಷ್ ಮೀಡಿಯಂಗೆ ಹಾಕ್ತಾರಂತೆ. ಬೆಳಿಗ್ಗೆ ಏಳಕ್ಕೆ ವ್ಯಾನ್. ವ್ಯಾನ್ ಅಂದ್ರೆ ಸಾಕು, ಇವಳು ಕಂಬ ಹಿಡ್ಕೊಂಡು ಅಳ್ತಾಳೆ.”

“ಅಷ್ಟೇ ಅಲ್ವಾ? ಓದಿಸುವ” ಎಂದೆ. ಹೇಳುವಾಗ ನನಗೆ ತುಂಬ ಸುಲಭವಾಗಿ ಕೇಳಿಸಿತ್ತು.

ಆಗಸ್ಟ್ ಕಳೆಯಿತು, ಅವಳಿಂದ ಒಂದಕ್ಷರ ಹೊರಡಲಿಲ್ಲ. ಮುದ್ದು ಮಾಡಿದೆ, ಗದರಿಸಿದೆ, ಗೋಡೆಯ ಕಡೆ ತಿರುಗಿ ಓದು ಎಂದೆ. ಸೋತು ಒಂದು ದಿನ ಮಗ್ಗಿಯನ್ನು ಮೂಡುಬಿದಿರೆ ಬಸ್ಸಿನ ಕಂಡಕ್ಟರನ ಸ್ವರದಲ್ಲಿ ಕೂಗಿದೆ: “ಮೂರೆಂಟ್ಲೆ ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು, ದುಂಬು ಪೋಲೆ, ಮುಂದೆ ಹೋಗಿ, ಮುಂದೆ ಜಾಗ ಉಂಟು!” ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಕಿಟಕಿಯ ಕಡೆಯಿಂದ ಇನ್ನೊಬ್ಬ ಕಂಡಕ್ಟರ್ ಕೂಗಿದ: “ಮೂರೊಂಬತ್ಲೆ ಇಪ್ಪತ್ತೇಳು!” ಅವಳು!

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಇಂಗ್ಲಿಷಿನ ವಾರದ ಹೆಸರುಗಳನ್ನು ವಿಮಾನ ನಿಲ್ದಾಣದ ಘೋಷಣೆಯಾಗಿಸಿದೆ. ಪ್ರಾಣಿಗಳ ಆಹಾರ, ಆವಾಸವನ್ನು ಬೈಕಿನಲ್ಲಿ ಮೀನು ಮಾರುವವರ ಕೂಗಿನಲ್ಲಿ ಹೇಳಿದೆ. ಅವಳು ಎಲ್ಲವನ್ನೂ ಕಲಿತಳು, ನನಗಿಂತ ಚೆನ್ನಾಗಿ. ಆದರೆ ಪರೀಕ್ಷೆಯ ಕಾಗದ ಮುಂದಿಟ್ಟರೆ ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. “ಸರ್, ಇದು ಯಾರ ಪ್ರಶ್ನೆ? ಮೀನಿನವರದ್ದಾ, ಕಂಡಕ್ಟರದ್ದಾ?” ಯಾರದ್ದೆಂದು ಹೇಳಿದರೆ ಉತ್ತರ ತಾನಾಗಿ ಬರುತ್ತಿತ್ತು. ಹೇಳದಿದ್ದರೆ ಪೆನ್ಸಿಲಿನ ತುದಿ ಕಚ್ಚುತ್ತಿದ್ದರು. ನಾನು ಕಲಿಸಿದ್ದು ಗಣಿತವೋ ಗಂಟಲೋ ಎಂಬ ಅನುಮಾನ ಆಗಲೇ ಬರಬೇಕಿತ್ತು. ಬರಲಿಲ್ಲ, ಚಪ್ಪಾಳೆಯ ಸದ್ದು ಜೋರಿತ್ತು.

ಓದಲು ಉಳಿದದ್ದು ಕನ್ನಡ. ಅದಕ್ಕೆ ನನಗೆ ಹೊಳೆದದ್ದು ಹೆಡ್ ಟೀಚರ್. ಅವರ ಓದು ನಮ್ಮ ಊರಿಗೇ ಗೊತ್ತು: ಒಂದೊಂದು ಅಕ್ಷರವನ್ನೂ ತೂಗಿ ಇಟ್ಟ ಹಾಗೆ, ವಾಕ್ಯ ಮುಗಿದಲ್ಲೆಲ್ಲ ಮೂಗಿನಿಂದ ಒಂದು “ಹೂಂ”. ಅವರು ಮೀಟಿಂಗಿಗೆ ಬಂಟ್ವಾಳಕ್ಕೆ ಹೋದ ದಿನ ಕನ್ನಡ ಪುಸ್ತಕದ ಬಾವಿಯ ಪಾಠವನ್ನು ಅವರ ಹಾಗೆಯೇ ಓದಿದೆ. ಹುಡುಗಿ ಎದ್ದು ನಿಂತು ಹಾಗೆಯೇ ಓದಿದಳು. ಮರುದಿನ ಇಡೀ ಪುಟ. ಫೆಬ್ರವರಿಯ ಹೊತ್ತಿಗೆ ಯಾವ ಪುಟ ತೆರೆದರೂ ನಿಲ್ಲದ ಓದು, ಒಂದು ಒತ್ತಕ್ಷರ ತಪ್ಪಿಲ್ಲ. ನನ್ನ ಕಣ್ಣು ತುಂಬಿತು. ಓದುತ್ತಿರುವುದು ಯಾರು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಮಾತ್ರ ಬರಲಿಲ್ಲ.

ತಾಯಿಯ ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ವೀಡಿಯೊ ಹೋಗುವಷ್ಟು ನೆಟ್‌ವರ್ಕ್ ಅಲ್ಲಿಲ್ಲ, ಸ್ವರ ಮಾತ್ರ ಕಳಿಸಿದೆವು. ಪಾಠ ಮುಗಿದ ಮೇಲೆ ಅವಳು ತಾನಾಗಿ ಸೇರಿಸಿದ್ದಳು: “ಹೂಂ. ಹಿಂದಿನ ಬೆಂಚು, ಗಲಾಟೆ ಸಾಕು.” ನನಗೆ ಅದು ತುಂಬ ಹಿಡಿಸಿತು, ತೆಗೆಯಲಿಲ್ಲ.

ದುಬೈಯಿಂದ ಅಪ್ಪನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ತಾಯಿ ಸ್ಪೀಕರಿಗೆ ಹಾಕಿದರು.

“ಸರ್, ನನ್ನನ್ನು ಮಂಗ ಮಾಡ್ಬೇಡಿ. ಇದು ನಮ್ಮ ಟೀಚರ್ ಅಲ್ವಾ? ನಾನು ಅವರ ಹತ್ರ ಪೆಟ್ಟು ತಿಂದು ಕಲಿತವ. ಆ ಹೂಂ ಕೇಳಿದ್ರೆ ಈಗಲೂ ಕೈ ಹಿಂದೆ ಹೋಗ್ತದೆ. ನಾನು ಕೇಳಿದ್ದು ಮಗಳ ಓದು.”

ಇಲ್ಲ, ಅದು ಮಗಳೇ, ಅಣಕು, ತಪ್ಪು ನನ್ನದು ಎಂದು ಉದ್ದಕ್ಕೆ ಹೇಳಿ ಕಳಿಸಿದೆ. ಯಾರ ಸ್ವರದಲ್ಲಿ ಹೇಳಿದೆನೋ, ಅಳುವವರದ್ದೇ ಇರಬೇಕು. ಅವರು ನಂಬಿದರೋ ಬಿಟ್ಟರೋ, ಇಷ್ಟು ಹೇಳಿದರು: “ಹಾಗಾದ್ರೆ ನಾಳೆ ಸಂಜೆಯೊಳಗೆ ಅವಳ ಸ್ವರದಲ್ಲೇ ಓದಿಸಿ ಕಳಿಸಿ. ಮೂಡುಬಿದಿರೆಯವರು ಸೀಟು ನಾಡಿದ್ದಿನವರೆಗೆ ಮಾತ್ರ ಇಡುವುದು.”

ಮರುದಿನ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಮೂವರೇ ಕುಳಿತೆವು. ತಾಯಿ ಫೋನ್ ಹಿಡಿದರು. ಹುಡುಗಿ ಬಾಯಿ ತೆರೆದಳು. ಬಂದದ್ದು ಹೆಡ್ ಟೀಚರ್. ಬೇಡ ಎಂದೆ. ಬಂದದ್ದು ಕಂಡಕ್ಟರ್. ಅದೂ ಬೇಡ ಎಂದೆ. ಆಮೇಲೆ ಏನೂ ಬರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಬೆರಳು ಮೊದಲ ಅಕ್ಷರದ ಮೇಲೆಯೇ ನಿಂತಿತ್ತು.

“ಯಾರ ಹಾಗೆಯೂ ಬೇಡ ಮಗಾ. ನಿನ್ನ ಸ್ವರದಲ್ಲಿ ಓದು. ಬರೇ ನಿನ್ನದು.”

ಅವಳು ಪುಸ್ತಕದಿಂದ ತಲೆ ಎತ್ತಿ ನನ್ನ ಬಾಯನ್ನೇ ನೋಡಿದಳು, ಇಡೀ ವರ್ಷ ನೋಡಿದ ಹಾಗೆ.

“ನನ್ನದು ಹೇಗೆ ಉಂಟು ಸರ್? ಒಮ್ಮೆ ನೀವು ಮಾಡಿ ತೋರಿಸಿ.”