ಹಿಮದಂಚಿನ ನೀರಿನ ಎಣಿಕೆ

ನನ್ನ ಎಣಿಕೆಯ ಮೇಲೆ ಯಾರಾದರೂ ಸಂಶಯಪಟ್ಟರೆ ನನಗೆ ಕೋಪ ಮೂಗಿನ ತುದಿಗೆ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊಕ್ಕೊಟ್ಟಿನ ಮನೆಯಲ್ಲಿ ಅಮ್ಮ ಬೀಡಿ ಸುರುಟುತ್ತಿದ್ದರು. ಇಪ್ಪತ್ತೈದರ ಕಟ್ಟು ಮಾಡುವುದು ನನ್ನ ಕೆಲಸ. ಒಂದು ಹೆಚ್ಚುಕಡಿಮೆಯಾದರೂ, ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನವರು ಕಟ್ಟು ಬಿಚ್ಚಿ ಹಿಂದೆ ಕೊಡುತ್ತಿದ್ದರು. ನಾನು ಕಟ್ಟಿದ್ದನ್ನು ಅವರು ಬಿಚ್ಚಿದ ನೆನಪು ನನಗಿಲ್ಲ. ಈಗ ಇಪ್ಪತ್ತು ವರ್ಷಗಳಿಂದ ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಫೈಟೋಪ್ಲಾಂಕ್ಟನ್ ಎಣಿಸುತ್ತೇನೆ. ಕಡಲ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಗಳು ಅವು. ಇವತ್ತಿಗೂ ಇಪ್ಪತ್ತೈದಾದ ಕೂಡಲೇ ಕಾಗದದ ಮೇಲೆ ಒಂದು ಗೀಟು ಎಳೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಹಡಗು ಹತ್ತಿ ದಕ್ಷಿಣ ಧ್ರುವದ ಕಡಲಿಗೆ ಹೋದಳು. ಜೆಪ್ಪುವಿನ ಹೋಟೆಲಿನವರ ಮಗಳು, ಎಸಿ ಹಾಕಿದರೆ ಸೀನುವವಳು. ನಾವೆಲ್ಲ ತಮಾಷೆ ಮಾಡಿದ್ದೇ ಮಾಡಿದ್ದು. ಎರಡು ತಿಂಗಳ ಮೇಲೆ ಪೆಟ್ಟಿಗೆ ತುಂಬ ನೀರಿನ ಬಾಟಲಿ ಹಿಡಿದುಕೊಂಡು ಬಂದಳು. ಅಲ್ಲಿನ ಬೇಸಿಗೆಯಲ್ಲಿ ಹಿಮ ಕರಗಿ ಬೆಳಕು ನೀರಿಗಿಳಿದಾಗ ಈ ಸಸ್ಯಗಳು ಎಷ್ಟು ಬೆಳೆಯುತ್ತವೆ ಎಂಬುದೇ ಅವಳ ಪ್ರಬಂಧ. ತಿಮಿಂಗಿಲದವರೆಗೆ ಅಲ್ಲಿ ಎಲ್ಲರ ಊಟ ಶುರುವಾಗುವುದು ಇವುಗಳಿಂದಲೇ. ಹಿಮದಂಚಿನ ನೀರಿನಲ್ಲಿ ಹಸಿರಿನ ಅಂಶ ಬಹಳ ಇದೆ ಎಂದು ಹಡಗಿನ ಯಂತ್ರ ತೋರಿಸಿತ್ತು. ನಾನು ಎಣಿಸಿದರೆ ಅಷ್ಟು ಹಸಿರಿಗೆ ಸಾಲುವಷ್ಟು ಸಸ್ಯಗಳೇ ಇಲ್ಲ.

ಮೂರು ಸಲ ಎಣಿಸಿದೆ, ಮೂರು ಸಲವೂ ಅಷ್ಟೇ. ಯಂತ್ರ ಕೆಟ್ಟಿರಬೇಕು, ಇಲ್ಲವೇ ಎಣಿಕೆ ತಪ್ಪಿರಬೇಕು, ವಾರದೊಳಗೆ ಸರಿಹೋಗದಿದ್ದರೆ ಆ ಅಧ್ಯಾಯವನ್ನೇ ಕೈಬಿಡಬೇಕು ಎಂದರು ಅವಳ ಗೈಡ್ ಆಗಿದ್ದ ಸರ್. ಎಣಿಕೆ ಎನ್ನುವಾಗ ನನ್ನ ಕಡೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿ ಮಾತ್ರ ನನ್ನ ಪಕ್ಕ ಬಂದು ಕೂತು, "ನೀವು ತಪ್ಪು ಎಣಿಸ್ಲಿಕ್ಕಿಲ್ಲ ಅಕ್ಕ. ಬೇರೆ ಎಂತದ್ದೋ ಉಂಟು" ಎಂದಳು. ಅವಳು ಎರಡು ತಿಂಗಳು ಚಳಿಯಲ್ಲಿ ಪಟ್ಟ ಪಾಡೆಲ್ಲ ಈಗ ನನ್ನ ಕೈಯಲ್ಲಿತ್ತು.

ಎಣಿಸುವ ಮೊದಲು, ಸಸ್ಯಗಳು ಕೆಡದಂತೆ ಅಯೋಡಿನ್ ಹಾಕಿದ ನೀರನ್ನು ಉದ್ದ ಗಾಜಿನ ಜಾಡಿಯಲ್ಲಿ ಅಲುಗದಂತೆ ಇಡುತ್ತೇವೆ. ಸಸ್ಯಗಳು ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಸಣ್ಣ ಕೊಳವೆಯಿಂದ ತೆಗೆಯುತ್ತೇವೆ. ಮಳೆಗಾಲ ಮುಗಿದಾಗ ತರುವ ನಮ್ಮ ಕಡಲಿನ ನೀರಿಗೆ ಒಂದು ದಿನ ಸಾಕು. ಅದರಲ್ಲಿರುವುದು ಹೆಚ್ಚಾಗಿ ದೊಡ್ಡ ಜಾತಿಯವು, ಬೇಗ ಇಳಿಯುತ್ತವೆ. ಅಭ್ಯಾಸಬಲದಿಂದ ಹುಡುಗಿ ತಂದ ನೀರನ್ನೂ ನಾನು ಒಂದೇ ದಿನ ಇಟ್ಟಿದ್ದೆ. ತೆಗೆದ ನೀರನ್ನು ಉಳಿದವರು ಚೆಲ್ಲುತ್ತಾರೆ, ನಾನು ಚೆಲ್ಲುವುದಿಲ್ಲ. ಬೀಡಿ ಎಲೆಯ ಚೂರನ್ನೂ ಎಸೆಯಲು ಬಿಡದ ಅಮ್ಮನ ಮಗಳು ನಾನು. ಕೆಲಸ ಪೂರ್ತಿ ಮುಗಿಯುವವರೆಗೆ ತೆಗೆದಿಡುತ್ತೇನೆ. ಎಲ್ಲರೂ ನಗುತ್ತಾರೆ, ನಗಲಿ. ಇನ್ನೂ ಇಳಿಯದ ಸಣ್ಣವು ಅದರಲ್ಲೇ ಉಳಿದಿರಬಹುದು ಎಂದು ಹೊಳೆದು, ಆ ನೀರನ್ನೇ ಮತ್ತೆ ಜಾಡಿಗೆ ಹಾಕಿ, ಮೂರು ದಿನ ಯಾರನ್ನೂ ಹತ್ತಿರ ಬಿಡದೆ, ತಳದ ಹನಿಯನ್ನು ನೋಡಿದೆ. ಬಹಳ ಸಣ್ಣವು, ಸಾಸಿವೆ ಚೆಲ್ಲಿದ ಹಾಗೆ ಹನಿ ತುಂಬ ಇದ್ದವು. ಗೀಟು ಎಳೆದೂ ಎಳೆದೂ ಕಾಗದ ಮುಗಿಯಿತು.

ಇವು ಬೇರೊಂದು ಬಾಟಲಿಯಲ್ಲಿ ಸಿಕ್ಕಿದವು ಎಂದು ಹೇಳಿ ನಾನು ಪಾರಾಗಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಹುಡುಗಿಯನ್ನು ಕರೆದುಕೊಂಡು ಸರ್ ಕೋಣೆಗೆ ಹೋದೆ.

"ಎಣಿಸಿದ್ದು ತಪ್ಪಲ್ಲ ಸರ್. ಕಾದದ್ದು ಕಡಿಮೆ ಆಯ್ತು. ಅದು ನನ್ನ ತಪ್ಪು."

ಸರ್ ಮೊದಲಿನ ಎಣಿಕೆಯ ಕಾಗದವನ್ನೂ ಹೊಸದನ್ನೂ ಕೂಡಿಸಿ ನೋಡಿದರು. ಯಂತ್ರ ತೋರಿಸಿದ ಹಸಿರಿಗೆ ಅದು ಹೊಂದಿಕೊಂಡಿತು. ಅಧ್ಯಾಯ ಉಳಿಯಿತು, ಹುಡುಗಿ ನನ್ನ ಕೈ ಹಿಡಿದು ಅಲ್ಲೇ ಅತ್ತಳು. ಆಮೇಲೆ ಸರ್, ಉಳಿದ ಬಾಟಲಿಗಳ ನೀರನ್ನು ಎಷ್ಟು ದಿನ ಇಡಬೇಕು ಎಂದು ನನ್ನನ್ನು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ್ದಿತ್ತು, ಕೇಳಿದ್ದಿರಲಿಲ್ಲ.

"ಮೂರು ದಿನ ಬೇಕು ಸರ್" ಎಂದೆ.

ಅವರು ಪೆನ್ನು ತೆಗೆದು ಬರೆದುಕೊಂಡರು.